ಗರ್ಭಸ್ಥ ಜೀವ, ರಾಜ್ಯಶಾಸನ ಮತ್ತು ವ್ರತಧರ್ಮ

ಪಾಪಪುಣ್ಯಗಳು ಊರಿನ ಗಡಿಯನ್ನು ನೋಡಿ ಅಂಟುವುದಿಲ್ಲ. ರಾಜ್ಯಶಾಸನವಾದರೋ ಗಡಿಯನ್ನು ನೋಡಿಯೇ ನಡೆಯತಕ್ಕದ್ದು. ಒಂದು ರಾಜ್ಯದಲ್ಲಿ ಅಪರಾಧವೆನಿಸಿದ ಕಾರ್ಯವು ನೆರೆಯ ರಾಜ್ಯದಲ್ಲಿ ಹಕ್ಕೆನಿಸುವುದುಂಟು. ಸುಂಕ, ಮದ್ಯ, ವಾಹನ ಮುಂತಾದ ವ್ಯವಹಾರಗಳಲ್ಲಿ ಇಂತಹ ಭೇದದಿಂದ ಯಾರ ಅಂತಃಕರಣವೂ ಕಲಕುವುದಿಲ್ಲ. ಆದರೆ ಜೀವರಕ್ಷಣೆಯ ವಿಷಯದಲ್ಲಿಯೇ ಶಾಸನವು ಗಡಿಗೊಂದು ಬಗೆಯಾಗಿದ್ದರೆ ವಿಚಾರವಂತನಾದ ಗೃಹಸ್ಥನು ಅದನ್ನು ಹೇಗೆ ಗ್ರಹಿಸಬೇಕು? ಗರ್ಭಪಾತದ ಕಾಯಿದೆಗಳಿಂದಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯು 2022ರಿಂದೀಚೆಗೆ ತೀವ್ರರೂಪವನ್ನು ತಾಳಿದೆ. ಜೈನ ಮನೆತನಗಳ ಎಷ್ಟೋ ಮಕ್ಕಳು ಆ ದೇಶದಲ್ಲಿ ಸಂಸಾರ ಹೂಡಿದ್ದಾರೆ. ಒಂದೇ ಮನೆಯ ಅಕ್ಕ ನ್ಯೂಜೆರ್ಸಿಯಲ್ಲಿಯೂ ತಂಗಿ ಟೆಕ್ಸಾಸಿನಲ್ಲಿಯೂ ಇದ್ದರೆ ಅಕ್ಕನಿಗೊಂದು ಕಾಯಿದೆ, ತಂಗಿಗೊಂದು ಕಾಯಿದೆ. ಆದುದರಿಂದ ಇದು ದೂರದ ಸುದ್ದಿಯೆಂದು ಬದಿಗಿಡತಕ್ಕ ವಿಷಯವಲ್ಲ.

ಈ ಭೇದವು ಅಲ್ಲಿಗೆ ಹೊಸದಲ್ಲ. 1970ರಲ್ಲಿ ನ್ಯೂಯಾರ್ಕ್ ರಾಜ್ಯವು 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿತ್ತಾಗ ಇತರ ರಾಜ್ಯಗಳ ಸ್ತ್ರೀಯರು ಅಲ್ಲಿಗೆ ಪ್ರಯಾಣ ಮಾಡತೊಡಗಿದರು. 1973ರ ಜನವರಿ 22ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 'ರೋ ವಿರುದ್ಧ ವೇಡ್' ಎಂಬ ಟೆಕ್ಸಾಸಿನ ಮೊಕದ್ದಮೆಯಲ್ಲಿ ಗರ್ಭಪಾತವನ್ನು ಸಂವಿಧಾನದತ್ತವಾದ ಹಕ್ಕೆಂದು ಸಾರಿತು. 1992ರ ಮತ್ತೊಂದು ತೀರ್ಪಿನಲ್ಲಿ, ಶಿಶುವು ಗರ್ಭದ ಹೊರಗೆ ಬದುಕಬಲ್ಲ ಸ್ಥಿತಿಗೆ ಬರುವವರೆಗೆ ಯಾವ ರಾಜ್ಯವೂ ಗರ್ಭಪಾತವನ್ನು ಸಂಪೂರ್ಣವಾಗಿ ನಿಷೇಧಿಸಲಾಗದು ಎಂಬ ರೇಖೆಯನ್ನು ಸ್ಥಿರಪಡಿಸಲಾಯಿತು. ಮಿಸಿಸಿಪಿ ರಾಜ್ಯವು 2018ರಲ್ಲಿ 15 ವಾರಗಳ ಬಳಿಕ ಗರ್ಭಪಾತವನ್ನು ನಿಷೇಧಿಸಿ ಈ ರೇಖೆಯನ್ನು ದಾಟಿತು. ಆ ಕಾಯಿದೆಯ ವಿಚಾರಣೆಯಾಗಿ 2022ರ ಜೂನ್ 24ರಂದು ಹೊರಬಂದ 'ಡಾಬ್ಸ್' ತೀರ್ಪು ಹಿಂದಿನ ಎರಡು ತೀರ್ಪುಗಳನ್ನೂ ರದ್ದುಗೊಳಿಸಿತು. ಗರ್ಭಪಾತವು ಸರಿಯೆಂದಾಗಲಿ ತಪ್ಪೆಂದಾಗಲಿ ನ್ಯಾಯಾಲಯವು ಹೇಳಲಿಲ್ಲ. ಸಂವಿಧಾನದಲ್ಲಿ ಅಂತಹ ಹಕ್ಕಿಲ್ಲವೆಂದೂ, ನಿರ್ಣಯವು ಜನರಿಗೂ ಅವರ ಪ್ರತಿನಿಧಿಗಳಿಗೂ ಸೇರಿದುದೆಂದೂ ಹೇಳಿತು. ಅಂದಿನಿಂದ ಐವತ್ತು ರಾಜ್ಯಗಳೂ ತಮ್ಮ ತಮ್ಮ ರೇಖೆಗಳನ್ನು ಎಳೆದುಕೊಂಡವು.

ಆ ರೇಖೆಗಳ ವೈವಿಧ್ಯ ಆಶ್ಚರ್ಯಕರವಾದುದು. ಟೆಕ್ಸಾಸ್, ಅಲಬಾಮ, ಟೆನೆಸಿ ಮುಂತಾದ ಹನ್ನೆರಡಕ್ಕೆ ಕಡಿಮೆಯಿಲ್ಲದ ರಾಜ್ಯಗಳು ಗರ್ಭಪಾತವನ್ನು ಬಹುಮಟ್ಟಿಗೆ ಪೂರ್ಣವಾಗಿ ನಿಷೇಧಿಸಿದವು. ಜಾರ್ಜಿಯ, ದಕ್ಷಿಣ ಕ್ಯಾರೊಲೈನ, ಫ್ಲಾರಿಡ, ಅಯೋವ ರಾಜ್ಯಗಳಲ್ಲಿ ಸುಮಾರು 6 ವಾರಗಳ ಮಿತಿ ಜಾರಿಗೆ ಬಂದಿತು. ಉತ್ತರ ಕ್ಯಾರೊಲೈನ, ನೆಬ್ರಾಸ್ಕಗಳು 2023ರಲ್ಲಿ 12 ವಾರಗಳ ಮಿತಿಯನ್ನಿಟ್ಟವು. ಆರೆಗನ್, ಕೊಲರಾಡೊ, ನ್ಯೂಮೆಕ್ಸಿಕೊ, ನ್ಯೂಜೆರ್ಸಿಗಳ ಕಾಯಿದೆಗಳಲ್ಲಿ ವಾರದ ಮಿತಿಯೇ ಇಲ್ಲ. ಕ್ಯಾನ್ಸಸ್‌ನಂತಹ ಸಂಪ್ರದಾಯಸ್ಥ ರಾಜ್ಯದಲ್ಲಿಯೂ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕನ್ನು ತೆಗೆದುಹಾಕುವ ಸಂವಿಧಾನ ತಿದ್ದುಪಡಿಯನ್ನು ಮತದಾರರು ತಿರಸ್ಕರಿಸಿದರು. 2024ರ ನವೆಂಬರ್‌ನಲ್ಲಿ ಫ್ಲಾರಿಡದ ಮತದಾರರಲ್ಲಿ ಶೇಕಡ 57ರಷ್ಟು ಮಂದಿ ಹಕ್ಕಿನ ಪರವಾಗಿ ಮತವಿತ್ತರೂ, ಆ ರಾಜ್ಯದ ನಿಯಮದಂತೆ ಶೇಕಡ 60 ಬೇಕಾಗಿದ್ದುದರಿಂದ ನಿಷೇಧವೇ ಉಳಿಯಿತು.

ಇಲ್ಲಿ 'ಆರು ವಾರ' ಎಂಬ ಮಾತಿನ ಅರ್ಥವನ್ನು ಮನೆಯ ಹೆಂಗಸರು ಬಲ್ಲರಾದರೂ ಗಂಡಸರು ಬಹುಶಃ ಅರಿಯರು. ವೈದ್ಯರು ಗರ್ಭದ ವಯಸ್ಸನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಅಂದರೆ ಗರ್ಭಧಾರಣೆಗೆ ಮುಂಚಿನ ಎರಡು ವಾರಗಳೂ ಲೆಕ್ಕಕ್ಕೆ ಸೇರುತ್ತವೆ. ಮುಟ್ಟು ತಪ್ಪಿತೆಂದು ತಿಳಿಯುವ ಹೊತ್ತಿಗೆ ನಾಲ್ಕು ವಾರ ಕಳೆದಿರುತ್ತದೆ. ಉಳಿದ ಎರಡು ವಾರಗಳಲ್ಲಿ ಆಕೆ ಪರೀಕ್ಷೆ ಮಾಡಿಸಿಕೊಂಡು, ಯೋಚಿಸಿ, ಹಣ ಹೊಂದಿಸಿ, ವೈದ್ಯರನ್ನು ಕಾಣಬೇಕು. ಮುಟ್ಟು ಕ್ರಮವಾಗಿಲ್ಲದವಳಿಗೆ ಆ ಅವಧಿಯೂ ಇಲ್ಲ.

ಮಿಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಪೂರ್ವಕ್ಕೆ ಮಿಸಿಸಿಪಿ ನದಿ ಹರಿಯುತ್ತದೆ. ನದಿಯ ಆಚೆಯ ದಡ ಇಲಿನಾಯ್ ರಾಜ್ಯದ್ದು. ಡಾಬ್ಸ್ ತೀರ್ಪು ಬಂದ ದಿನವೇ ಮಿಸೂರಿಯಲ್ಲಿ ನಿಷೇಧ ಜಾರಿಯಾಯಿತು. ಆಚೆಯ ದಡದಲ್ಲಿ ಕೆಲವೇ ಮೈಲಿಗಳ ದೂರದಲ್ಲಿ ಚಿಕಿತ್ಸಾಲಯಗಳು ಎಂದಿನಂತೆ ನಡೆದವು. 2024ರ ನವೆಂಬರ್‌ನಲ್ಲಿ ಮಿಸೂರಿಯ ಮತದಾರರು ಅಲ್ಪ ಬಹುಮತದಿಂದ ಹಕ್ಕನ್ನು ಮರಳಿ ಸ್ಥಾಪಿಸಿದರು. 2025ರಲ್ಲಿ ಅಲ್ಲಿನ ಶಾಸನಸಭೆ ಆ ನಿರ್ಣಯವನ್ನು ತೆಗೆದುಹಾಕುವ ಸೂಚನೆಯನ್ನು 2026ರ ಮತದಾನಕ್ಕೆ ಇಡಲು ತೀರ್ಮಾನಿಸಿತು. ಹೀಗೆ ಒಂದೇ ನದಿಯ ಎರಡು ದಡಗಳಲ್ಲಿ ಎರಡು ನ್ಯಾಯ. ಒಂದೇ ದಡದಲ್ಲಿಯೂ ವರ್ಷಕ್ಕೊಂದು ನ್ಯಾಯ. ಗರ್ಭದಲ್ಲಿರುವ ಜೀವದ ಬೆಲೆ ಸೇತುವೆ ದಾಟಿದೊಡನೆ ಬದಲಾಗುವುದೇ? ಬದಲಾಗದೆಂದು ಯಾರಾದರೂ ಒಪ್ಪಿಯಾರು. ಹಾಗಾದರೆ ಬದಲಾದುದು ಯಾವುದು? ದಂಡದ ಭಯ ಮಾತ್ರ.

ಜೈನ ದರ್ಶನದಲ್ಲಿ ಜೀವದ ವಿಷಯಕವಾದ ನಿರ್ಣಯವು ವಾರಗಳ ಎಣಿಕೆಯನ್ನು ಅವಲಂಬಿಸಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆಯ ಜನ್ಮಗಳನ್ನು ಹೇಳಿದ್ದಾರೆ. ಜೀವವು ಗರ್ಭದಲ್ಲಿ ಹೊಸ ಶರೀರವನ್ನು ಸ್ವೀಕರಿಸುವುದೇ ಜನ್ಮ. ಹೆರಿಗೆಯು ಅದರ ಮುಂದಿನ ಘಟ್ಟ. ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಗರ್ಭಕಲ್ಯಾಣವನ್ನು ಜನ್ಮಕಲ್ಯಾಣದಿಂದ ಬೇರೆಯಾಗಿ, ಮೊದಲನೆಯದಾಗಿ ಆಚರಿಸುವುದರ ಹಿಂದೆ ಈ ಗರ್ಭಗೌರವವೇ ಇದೆ. ಆದ್ದರಿಂದ ಗರ್ಭಪಾತವು ಜೀವಘಾತವೆಂಬಲ್ಲಿ ಶ್ರಾವಕನಿಗೆ ಸಂದೇಹವಿರತಕ್ಕದ್ದಿಲ್ಲ. ಆದರೆ ಹಿಂಸೆಯನ್ನು ಅಳೆಯುವಾಗ ಪ್ರಾಣಹಾನಿಯೊಡನೆ ಕರ್ತೃವಿನ ಪ್ರಮಾದವನ್ನೂ ಕಷಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಚಾರ್ಯರ ರೀತಿ. ಒಂದೇ ಕ್ರಿಯೆಯ ಫಲವು ಭಾವಭೇದದಿಂದ ಒಬ್ಬನಿಗೆ ತೀವ್ರವೂ ಮತ್ತೊಬ್ಬನಿಗೆ ಮಂದವೂ ಆಗುವುದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ವಾರಗಳನ್ನು ಎಣಿಸುವ ಕಾಯಿದೆಗೆ ಭಾವವನ್ನು ಎಣಿಸುವ ಸಾಧನವಿಲ್ಲ.

ಹಾಗಿದ್ದರೆ ಜೀವದಯೆಯುಳ್ಳವರು ನಿಷೇಧವಿರುವ ರಾಜ್ಯಗಳನ್ನು ಕಂಡು ಸಂತೋಷಪಡಬೇಡವೇ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಇದಕ್ಕೆ ಅವಸರದ ಉತ್ತರ ಸಲ್ಲದು. ಅನ್ನ ದೊರೆಯದೆ ಹಸಿದು ಮಲಗಿದವನನ್ನು ಯಾರೂ ಉಪವಾಸವ್ರತಿ ಎನ್ನುವುದಿಲ್ಲ. ಪ್ರತ್ಯಾಖ್ಯಾನವಿಲ್ಲದ ಹಸಿವು ಬರಿಯ ಹಸಿವು. ಅಂತೆಯೇ ಸೆರೆಮನೆಯ ಭಯದಿಂದ ಬಿಟ್ಟ ಕಾರ್ಯವು ವ್ರತವಾಗುವುದಿಲ್ಲ. ಕಳವು, ಕೊಲೆಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದಲ್ಲವೇ, ಅಲ್ಲಿ ದಂಡ ಬೇಡವೆನ್ನಬಹುದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ರಾಜನು ವ್ರತವನ್ನು ಹುಟ್ಟಿಸಲಾರನಾದರೂ ದುರ್ಬಲರನ್ನು ರಕ್ಷಿಸಬೇಕು. ಆದರೆ ಇಲ್ಲಿ ರಕ್ಷಣೆಗೆ ಪಾತ್ರವಾದ ಜೀವವು ಮತ್ತೊಂದು ಜೀವದ ಶರೀರದೊಳಗಿದೆ. ಒಂದನ್ನು ಕಾಯಲು ಚಾಚಿದ ಶಾಸನದ ಕೈ ಮತ್ತೊಂದನ್ನು ಮುಟ್ಟದೆ ಇರಲಾರದು. ಅದು ತಾಯಿಯನ್ನು ಹೇಗೆ ಮುಟ್ಟುತ್ತದೆ ಎಂಬುದರಿಂದಲೇ ಆ ಶಾಸನದ ದಯೆಯನ್ನು ಪರೀಕ್ಷಿಸಬೇಕು.

ಟೆಕ್ಸಾಸಿನ ಕಾಯಿದೆಯು ಗರ್ಭಪಾತ ಮಾಡಿದ ವೈದ್ಯನಿಗೆ ಆಜೀವ ಸೆರೆಯವರೆಗೆ ಶಿಕ್ಷೆಯನ್ನೂ ಕನಿಷ್ಠ ಒಂದು ಲಕ್ಷ ಡಾಲರ್ ದಂಡವನ್ನೂ ವಿಧಿಸುತ್ತದೆ. ತಾಯಿಯ ಪ್ರಾಣಕ್ಕೆ ಅಪಾಯವಿದ್ದಲ್ಲಿ ವಿನಾಯಿತಿಯುಂಟು. 2022ರಲ್ಲಿ ಅಲ್ಲಿನ ಒಬ್ಬ ಗರ್ಭಿಣಿಗೆ ಹದಿನೆಂಟನೆಯ ವಾರದ ಹೊತ್ತಿಗೇ ಗರ್ಭದ ನೀರು ಒಡೆದುಹೋಯಿತು. ಶಿಶು ಉಳಿಯದೆಂಬುದು ವೈದ್ಯರಿಗೆ ನಿಶ್ಚಿತವಾಗಿತ್ತು. ಆದರೆ ಅದರ ಹೃದಯ ಇನ್ನೂ ಮಿಡಿಯುತ್ತಿತ್ತು. ತಾಯಿಯ ಪ್ರಾಣಕ್ಕೆ ಇನ್ನೂ ಅಪಾಯ ಒದಗಿರಲಿಲ್ಲ. ಅಪಾಯ ಒದಗುವವರೆಗೆ ಕಾಯಲಾಯಿತು. ರಕ್ತಕ್ಕೆ ನಂಜೇರಿ ಆಕೆ ತೀವ್ರ ನಿಗಾ ಘಟಕವನ್ನು ಸೇರಿದಳು, ಶಿಶುವೂ ಉಳಿಯಲಿಲ್ಲ. ಆಕೆಯೂ ಇತರ ಸ್ತ್ರೀಯರೂ 2023ರಲ್ಲಿ ಹೂಡಿದ ದಾವೆಯನ್ನು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2024ರ ಮೇ ತಿಂಗಳಲ್ಲಿ ಮನ್ನಿಸಲಿಲ್ಲ. ಅಪಾಯವು ಅತಿಸಮೀಪಿಸುವವರೆಗೆ ವೈದ್ಯನು ಕಾಯಬೇಕಾಗಿಲ್ಲವೆಂದು ಶಾಸನಸಭೆಯೇ ಸ್ಪಷ್ಟಪಡಿಸಿದ್ದು 2025ರಲ್ಲಿ. ಈ ಪ್ರಸಂಗದಲ್ಲಿ ತಾಯಿಯನ್ನು ಉಳಿಸಹೊರಟ ವೈದ್ಯನ ಭಾವದಲ್ಲಿ ಸಂಕಲ್ಪೀ ಹಿಂಸೆಯಿಲ್ಲ. ಕೈಕಟ್ಟಿ ಕಾಯಿಸಿದ ಶಾಸನದಿಂದ ಯಾವ ಜೀವವೂ ರಕ್ಷಿತವಾಗಲಿಲ್ಲ.

ಇನ್ನೊಂದು ಅಂಶವೂ ವಿಚಾರಣೀಯ. 2021ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸಿನಲ್ಲಿ ಜಾರಿಗೆ ಬಂದ ಮತ್ತೊಂದು ಕಾಯಿದೆಯಂತೆ, ಗರ್ಭಪಾತಕ್ಕೆ ನೆರವಾದವರ ಮೇಲೆ ಯಾವ ಪ್ರಜೆ ಬೇಕಾದರೂ ದಾವೆ ಹೂಡಿ ಕನಿಷ್ಠ ಹತ್ತು ಸಾವಿರ ಡಾಲರ್ ಪಡೆಯಬಹುದು. ಜೈನಾಚಾರ್ಯರು ಪಾಪವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುತ್ತಾರೆ. ಮೇಲ್ನೋಟಕ್ಕೆ ಆ ಕಾಯಿದೆಯೂ ಹೀಗೆಯೇ ನೆರವಾದವರನ್ನು ಸೇರಿಸಿದಂತೆ ತೋರುತ್ತದೆ. ಆದರೆ ಗರ್ಭಿಣಿಯನ್ನು ಕೈಬಿಟ್ಟುಹೋದ ಪುರುಷನಾಗಲಿ, ಹೆಣ್ಣನ್ನು ಅನಾಥಳನ್ನಾಗಿ ಮಾಡಿದ ಬಂಧುಗಳಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಶಾಸ್ತ್ರದ ಲೆಕ್ಕದಲ್ಲಿ ಕಾರಿತದ ಮೊದಲ ಪಾಲು ಅವರದೇ. ಮೇಲಾಗಿ, ನೆರೆಯವನ ಮೇಲೆ ದೂರು ಹೇಳಿ ಹಣ ಗಳಿಸುವ ದಾರಿಯನ್ನು ತೆರೆದರೆ ಜೀವದಯೆಯ ಬದಲು ಲೋಭಕಷಾಯವೇ ಬೆಳೆದೀತು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ಮುಖ್ಯವಾಗಿ ದನಕರುಗಳನ್ನೂ ಆಶ್ರಿತರನ್ನೂ ಉದ್ದೇಶಿಸಿ ಹೇಳಿದವು. ಕೊಲ್ಲದಿದ್ದರಷ್ಟೇ ಅಹಿಂಸೆ ಪೂರ್ಣವಾಗುವುದಿಲ್ಲ. ಹೊರಲಾರದ ಭಾರವನ್ನು ಹೊರಿಸುವುದೂ, ಹೊತ್ತಿಗೆ ಸರಿಯಾಗಿ ಆಹಾರವನ್ನು ಕೊಡದಿರುವುದೂ ಅದೇ ವ್ರತಕ್ಕೆ ಕಳಂಕ. ಈ ಅಳತೆಗೋಲನ್ನು ಹಿಡಿದು ಮಿಸಿಸಿಪಿ ರಾಜ್ಯವನ್ನು ನೋಡಬಹುದು. ಗರ್ಭಸ್ಥ ಜೀವದ ರಕ್ಷಣೆಗೆಂದು ಮೊಕದ್ದಮೆ ನಡೆಸಿ ಗೆದ್ದ ರಾಜ್ಯವದು. ಆದರೆ ಗೆದ್ದ ವರ್ಷದಲ್ಲಿ ಅಲ್ಲಿನ ಬಡ ಬಾಣಂತಿಗೆ ಹೆರಿಗೆಯ ನಂತರದ ಸರಕಾರಿ ವೈದ್ಯಸಹಾಯವು ಎರಡು ತಿಂಗಳಿಗೇ ನಿಲ್ಲುವ ನಿಯಮವಿತ್ತು. ಅದನ್ನು ಒಂದು ವರ್ಷಕ್ಕೆ ವಿಸ್ತರಿಸಿದ್ದು 2023ರಲ್ಲಿ. 2024ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 9.7ರಂತೆ ವರ್ಷ ತುಂಬುವ ಮೊದಲೇ ತೀರಿಹೋದವು. 2025ರ ಆಗಸ್ಟ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಶಿಶುಮರಣವನ್ನು ಸಾರ್ವಜನಿಕ ಆರೋಗ್ಯದ ತುರ್ತುಪರಿಸ್ಥಿತಿಯೆಂದು ಘೋಷಿಸಬೇಕಾಯಿತು. ನಿಷೇಧದಿಂದಲೇ ಈ ಮರಣಗಳಾದವೆಂದು ಹೇಳುವುದು ಅನ್ಯಾಯವಾದೀತು. ಅಲ್ಲಿನ ಬಡತನವೂ ಶಿಶುಮರಣವೂ ಹಳೆಯವು. ಆದರೆ 'ಹುಟ್ಟಲಿ' ಎಂದು ಆಜ್ಞಾಪಿಸಿದವನು 'ಬದುಕಲಿ' ಎಂದು ತೊಟ್ಟಿಲಿನ ಬಳಿ ನಿಲ್ಲದಿದ್ದರೆ ಅವನ ಅಹಿಂಸೆಗೆ ಅತಿಚಾರದ ದೋಷ ತಪ್ಪದು.

ಭಾರವು ಯಾರ ಮೇಲೆ ಬಿದ್ದಿತು ಎಂಬುದನ್ನೂ ಅಂಕಿಗಳು ಹೇಳುತ್ತವೆ. ನಿಷೇಧಗಳ ನಂತರವೂ ಇಡೀ ದೇಶದಲ್ಲಿ ಗರ್ಭಪಾತಗಳ ಒಟ್ಟು ಸಂಖ್ಯೆ ಇಳಿಯಲಿಲ್ಲ; 2023ರಲ್ಲಿ ಅದು ಹತ್ತು ಲಕ್ಷವನ್ನು ಮೀರಿತು. ಹಣವುಳ್ಳವರು ನೂರಾರು ಮೈಲಿ ಪ್ರಯಾಣ ಮಾಡಿದರು. ಕೆಲವರು ಅಂಚೆಯಲ್ಲಿ ಮಾತ್ರೆ ತರಿಸಿಕೊಂಡರು. ರಜೆಯೂ ಕೈಯಲ್ಲಿ ಕಾಸೂ ಇಲ್ಲದವಳಿಗೆ ಮಾತ್ರ ಗಡಿ ನಿಜವಾದ ಗೋಡೆಯಾಯಿತು.

ಇಷ್ಟು ಹೇಳಿದುದರಿಂದ ಅನುಮತಿ ಕೊಟ್ಟ ರಾಜ್ಯಗಳು ನಿರ್ದೋಷವೆಂದು ಭಾವಿಸತಕ್ಕದ್ದಲ್ಲ. ಶಾಸನದ ಅನುಮತಿ ಪಾಪವಿಮೋಚನೆಯ ಪತ್ರವಲ್ಲ. ಸೌಕರ್ಯಕ್ಕೆಂದು, ಲಜ್ಜೆಗೆಂದು, ಹುಟ್ಟುವುದು ಹೆಣ್ಣೆಂಬ ತಿರಸ್ಕಾರದಿಂದ ಗರ್ಭವನ್ನು ಕಳೆಯುವವರ ಕರ್ಮಬಂಧವು ಕೊಲರಾಡೊದಲ್ಲಿ ಸಡಿಲವೂ ಟೆಕ್ಸಾಸಿನಲ್ಲಿ ಬಿಗಿಯೂ ಆಗುವುದಿಲ್ಲ. ಭಾರತದಲ್ಲಿ ದೇಶಕ್ಕೆಲ್ಲ ಒಂದೇ ಕಾಯಿದೆಯಿದೆ. 1971ರ ಆ ಕಾಯಿದೆಯನ್ನು 2021ರಲ್ಲಿ ತಿದ್ದಿ, ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಅವಕಾಶ ಕೊಡಲಾಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಲು 1994ರಲ್ಲಿ ಬೇರೊಂದು ಕಾಯಿದೆಯನ್ನೇ ರಚಿಸಬೇಕಾಯಿತೆಂಬುದನ್ನು ನೆನೆದರೆ, ಒಂದೇ ಕಾಯಿದೆಯಿರುವ ದೇಶವೂ ಅಮೆರಿಕವನ್ನು ಕಂಡು ಬೀಗುವಂತಿಲ್ಲ.

ಶ್ರಾವಕನ ಕರ್ತವ್ಯವು ಇದರಿಂದ ಸ್ಪಷ್ಟವಾಗುತ್ತದೆ. ಗರ್ಭಸ್ಥ ಜೀವವನ್ನು ಗೌರವಿಸುವ ನಿಯಮವನ್ನು ಅವನು ಕಾಯಿದೆಯ ಕೈಗೆ ಒಪ್ಪಿಸಿ ಸುಮ್ಮನಿರಲಾಗದು. ತನ್ನ ಮನೆಯಲ್ಲಿ ತಾನೇ ಪಾಲಿಸಬೇಕು. ಮಗಳಾಗಲಿ ಸೊಸೆಯಾಗಲಿ ಅಳುಕುತ್ತ ಸುದ್ದಿ ತಂದಾಗ ಬೈಗುಳಿಗೆ ಮೊದಲು ಆಸರೆಯ ಮಾತು ಹೊರಡಬೇಕು. ಹೆಣ್ಣುಮಗು ಹುಟ್ಟಿದ ಮನೆಯಲ್ಲಿಯೂ ಅದೇ ಹೋಳಿಗೆಯ ಅಡಿಗೆಯಾಗಬೇಕು. ಗಂಡನು ಕೈಬಿಟ್ಟ ಗರ್ಭಿಣಿ ನೆರೆಯಲ್ಲಿದ್ದರೆ ಆಕೆಯ ಬಾಣಂತನದ ವೆಚ್ಚವನ್ನು ಆಹಾರದಾನ, ಔಷಧದಾನಗಳ ಲೆಕ್ಕದಲ್ಲಿ ಸಮಾಜವು ವಹಿಸಿಕೊಳ್ಳಬೇಕು. ವೈದ್ಯನು ತಾಯಿಯ ಪ್ರಾಣಕ್ಕೆ ಅಪಾಯವೆಂದಾಗ ತಾಯಿಯೂ ಒಂದು ಜೀವವೆಂಬುದನ್ನು ಮರೆಯಬಾರದು. ಭಾರವನ್ನು ಹೊರಲು ಹೆಗಲು ಕೊಡದವನಿಗೆ, ಭಾರವನ್ನು ಇಳಿಸಬೇಡವೆಂದು ಹೇಳುವ ಅಧಿಕಾರವಿಲ್ಲ.