ಹಿರಿಯರ ಮಾತು, ಏಳರ ಮಗ್ಗಿ

ಮೊನ್ನೆ ಭಾನುವಾರ ಸಂಸಾರ ಸಮೇತ ಋಷಿಕೊಂಡದ ಕಡಲತೀರಕ್ಕೆ ಹೋಗಿದ್ದೆವು. ಅವಿಭಾಜ್ಯ ಸಂಖ್ಯೆ ಎಂದರೇನೆಂದು ಮಗಳು ಕೇಳಿದಳು. ಒಂದರಿಂದಲೂ ತನ್ನಿಂದಲೂ ಮಾತ್ರ ನಿಶ್ಶೇಷವಾಗಿ ಭಾಗವಾಗುವಂಥದು ಎಂದು ವಿವರಿಸಿ, ಉದಾಹರಣೆಗೆ 91 ಎಂದೆ. ಅವಳು ಮರಳಿನ ಮೇಲೆ 7 × 13 = 91 ಎಂದು ಬರೆದಳು. ನನಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. "ದೊಡ್ಡವರಿಗೆ ಎದುರಾಡಬಾರದು" ಎಂದು ಗದರಿಬಿಟ್ಟೆ. ಅವಳು ಬರೆದದ್ದನ್ನು ಅಂಗೈಯಿಂದ ಅಳಿಸಿದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಿರಿಯರ ಮಾತನ್ನು ಪರೀಕ್ಷಿಸುವುದು ಅವಿನಯವೇ?

1644ರಲ್ಲಿ ಫ್ರಾನ್ಸಿನ ಪಾದ್ರಿ ಮೆರ್ಸೆನ್ ಕೆಲವು ಭಾರಿ ಸಂಖ್ಯೆಗಳನ್ನು ಅವಿಭಾಜ್ಯಗಳೆಂದು ಸಾರಿದರು. 67 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ 21 ಅಂಕಿಗಳ ಸಂಖ್ಯೆ ಅದರಲ್ಲೊಂದು. 127 ಎರಡುಗಳಿಂದ ಹಾಗೆಯೇ ಬರುವ 39 ಅಂಕಿಗಳದು ಇನ್ನೊಂದು. 1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞರು ಅಪವರ್ತನಗಳನ್ನು ಹುಡುಕದೆಯೇ ಒರೆಹಚ್ಚುವ ಉಪಾಯ ಕಂಡುಹಿಡಿದರು. ಮೊದಲನೆಯದು ಬಿತ್ತು, ಎರಡನೆಯದು ನಿಂತಿತು. ನಿಂತದ್ದು 1951ರವರೆಗೂ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. ಬಿದ್ದುದರ ಅಪವರ್ತನಗಳನ್ನು 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೋಲ್ ಎಂಬವರು ತೋರಿಸಿದರು. ಒಂದು ಮಾತೂ ಆಡದೆ ಹಲಗೆಯ ಮೇಲೆ 193707721 × 761838257287 ಎಂದು ಗುಣಿಸಿ ಕುಳಿತರಂತೆ.

ಇದರಿಂದ ಮೆರ್ಸೆನ್ ಸಣ್ಣವರಾದರೇ? 2024ರ ಅಕ್ಟೋಬರಿನಲ್ಲಿ ಪತ್ತೆಯಾದ 4,10,24,320 ಅಂಕಿಗಳ ಅವಿಭಾಜ್ಯವನ್ನೂ 'ಮೆರ್ಸೆನ್ ಸಂಖ್ಯೆ' ಎಂದೇ ಕರೆಯುತ್ತಾರೆ.

ಫ್ರಾನ್ಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಋಷಿಕೊಂಡದಿಂದ ನಾವು ಮನೆಗೆ ಮರಳುವ ಹಾದಿಯ ವಾಲ್ಟೇರಿನಲ್ಲಿ, ಆಂಧ್ರ ವಿಶ್ವವಿದ್ಯಾನಿಲಯದಲ್ಲಿ, 1930ರ ದಶಕದಲ್ಲಿ ಸರ್ವದಮನ ಚೌಲಾ ಪ್ರಾಧ್ಯಾಪಕರಾಗಿದ್ದರು. ಒಂದು ಸಂಖ್ಯೆಯನ್ನು ಎಷ್ಟು ಬಗೆಯ ಕೂಡಿಕೆಗಳಾಗಿ ಒಡೆಯಬಹುದೆಂಬ ಎಣಿಕೆಯ ಬಗ್ಗೆ ರಾಮಾನುಜನ್ನರು ಒಂದು ಊಹೆ ಮಾಡಿದ್ದರು. ಅದರಂತೆ 243ರ ಎಣಿಕೆ, ಏಳರ ಘನವಾದ 343ರಿಂದ ಭಾಗವಾಗಬೇಕು. ಆಗುವುದಿಲ್ಲವೆಂದು ಚೌಲಾ 1934ರಲ್ಲಿ ತೋರಿಸಿದರು. 1938ರಲ್ಲಿ ವಾಟ್ಸನ್ ಊಹೆಯನ್ನು ತಿದ್ದಿ ಸಾಧಿಸಿದರು. ಪರೀಕ್ಷಿಸಿದ್ದರಿಂದ ರಾಮಾನುಜನ್ನರ ಊಹೆ ಹಾಳಾಗಲಿಲ್ಲ, ಗಟ್ಟಿಯಾಯಿತು.

ಹಿರಿಯರ ಮಾತಿಗೆ ಗೌರವ ಕೊಡುವುದೆಂದರೆ ಅದನ್ನು ಲೆಕ್ಕ ಹಾಕಿ ನೋಡಲು ತಕ್ಕದ್ದೆಂದು ಎಣಿಸುವುದು. ಇದು ಪರವೂರಿನಲ್ಲಿರುವ ನಮಗೆ ಇನ್ನೂ ಮುಖ್ಯ. ಮಕ್ಕಳು ಶಾಲೆಯಲ್ಲಿ ತೆಲುಗು, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ನಾವು ಕನ್ನಡದಲ್ಲಿ ಬಾಯಿ ಮುಚ್ಚಿಸಿದರೆ, ಕನ್ನಡ ಅವರ ಪಾಲಿಗೆ ಬೈಗುಳದ ಭಾಷೆಯಾಗಿ ಉಳಿದೀತು.

ಬೆಳಿಗ್ಗೆ ಮಗಳನ್ನು ಕರೆದು, "ನಿನ್ನೆ ನೀನು ಬರೆದದ್ದೇ ಸರಿ ಮಗಳೇ, ತಪ್ಪು ನನ್ನದು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ 97 ನೋಡೋಣವೇ ಅಪ್ಪಾ?" ಎಂದಳು. ಇಬ್ಬರೂ ಕೂತು ಎರಡು, ಮೂರು, ಐದು, ಏಳರಿಂದ ಭಾಗಿಸಿದೆವು. ಯಾವುದರಿಂದಲೂ ಭಾಗವಾಗಲಿಲ್ಲ.