ಬುಟ್ಟಿಯೊಳಗಿನ ಹೇಂಟೆ

ಬಿಕರ್ನಕಟ್ಟೆಯಲ್ಲಿ ಇನ್ನೂ ಕೋಳಿ ಸಾಕುತ್ತೀರಾ ಎಂದು ಮನೆಗೆ ಬಂದವರು ಆಶ್ಚರ್ಯಪಡುವುದುಂಟು. ಅವರದೇನೂ ತಪ್ಪಿಲ್ಲ. ನಂತೂರು ದಾಟಿ ಮೂಡಬಿದಿರೆಯ ಕಡೆಗೆ ಹೊರಟ ಬಸ್ಸು ಲಾರಿಗಳೆಲ್ಲ ನಮ್ಮೂರನ್ನು ಸೀಳಿಕೊಂಡೇ ಹೋಗುತ್ತವೆ. ಬಾಲಯೇಸುವಿನ ಪುಣ್ಯಕ್ಷೇತ್ರದ ಜನವರಿಯ ಹಬ್ಬ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಆದರೂ ರಸ್ತೆಯಿಂದ ಸ್ವಲ್ಪ ಒಳಗೆ, ಹಂಚಿನ ಮಾಡು ಉಳಿಸಿಕೊಂಡ ಕೆಲವು ಮನೆಗಳ ಹಿಂದೆ, ಒಂದು ಹಲಸಿನ ಮರ, ಒಂದು ಬಾವಿ, ಒಂದು ಕೋಳಿಗೂಡು ಈಗಲೂ ಇವೆ. ನಮ್ಮದು ಅಂಥದೊಂದು ಮನೆ. ಆರು ಹೇಂಟೆ, ಒಂದು ಹುಂಜ. ಅತ್ತೆಯ ಕಾಲದಿಂದ ನಡೆದುಬಂದದ್ದು.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಕಂದು ಹೇಂಟೆ ಮೂಲೆಯಲ್ಲಿ ತಲೆ ಹುದುಗಿಸಿ ನಿಂತಿತ್ತು. ಬೆನ್ನಿನಿಂದ ಬಾಲದ ಬುಡದವರೆಗೆ ಗರಿಯೇ ಇಲ್ಲ. ಚರ್ಮ ಹರಿದು ರಕ್ತ ಒಸರುತ್ತಿತ್ತು. ನಾನು ನೋಡುತ್ತಿದ್ದಂತೆಯೇ ನಮ್ಮ ದೊಡ್ಡ ಗಿರಿರಾಜ ಹೇಂಟೆ (ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಈ ಬಣ್ಣಬಣ್ಣದ ತಳಿ ನಿಮಗೂ ಗೊತ್ತಿರಬಹುದು) ಹಿಂದಿನಿಂದ ಬಂದು ಅದೇ ಗಾಯಕ್ಕೆ ಇನ್ನೊಮ್ಮೆ ಕುಕ್ಕಿತು. ಅದರ ಬೆನ್ನಿಗೇ ಇನ್ನೊಂದು. ಕೆಂಪು ಕಂಡರೆ ಕೋಳಿಗೆ ಕುಕ್ಕದೆ ಇರಲಾಗುವುದಿಲ್ಲ. ಒಂದು ಶುರು ಮಾಡಿದರೆ ಉಳಿದವೂ ಸೇರಿಕೊಳ್ಳುತ್ತವೆ. ಹಾಗೆಯೇ ಬಿಟ್ಟರೆ ಕೊಂದೇ ಹಾಕಿಯಾವು.

ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ. ಕಂದು ಹೇಂಟೆಯನ್ನು ಹಿಡಿದು, ಗಾಯ ತೊಳೆದು, ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿ, ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಬುಟ್ಟಿ ಕವುಚಿ ಅದರೊಳಗೆ ಬಿಟ್ಟೆ. ನುಚ್ಚು, ನೀರು ಇಟ್ಟೆ. "ಪಾಪ, ಇಲ್ಲಿ ಸುಖವಾಗಿರು" ಎಂದೂ ಹೇಳಿದೆ. ಹನ್ನೆರಡು ದಿನಗಳಲ್ಲಿ ಗಾಯ ಒಣಗಿತು. ಹೊರಗೆ ಬಿಟ್ಟೆ. ಕಾಲು ಗಂಟೆಯೊಳಗೆ ಮತ್ತೆ ರಕ್ತ. ಈ ಸಲ ದೊಡ್ಡ ಹೇಂಟೆ ಮಾತ್ರವಲ್ಲ, ಮೊದಲು ಇದರೆದುರು ಕತ್ತು ತಗ್ಗಿಸುತ್ತಿದ್ದ ಎಳೆಯ ಹೇಂಟೆಯೂ ಓಡಿಬಂದು ಕುಕ್ಕಿತು.

ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬಾತ ಚಿಕ್ಕಂದಿನಿಂದ ಕೋಳಿಗಳನ್ನು ನೋಡುತ್ತ ಬೆಳೆದವನು. 1922ರಲ್ಲಿ ಆತ ಪ್ರಕಟಿಸಿದ ಲೇಖನದಿಂದ ಜಗತ್ತಿಗೆ ಒಂದು ವಿಷಯ ತಿಳಿಯಿತು. ಹಿಂಡಿನಲ್ಲಿ ಯಾವುದು ಯಾವುದನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಕ್ರಮವಿದೆ, ಪ್ರತಿಯೊಂದು ಕೋಳಿಗೂ ತನ್ನ ಜಾಗ ಗೊತ್ತಿದೆ. ನಮ್ಮ ಅಜ್ಜಿಯಂದಿರಿಗೂ ಇದು ಗೊತ್ತಿತ್ತು, ಅವರು ಬರೆದಿಡಲಿಲ್ಲ ಅಷ್ಟೆ. ಈ ಕ್ರಮ ಇರುವುದು ಜಗಳ ಹಚ್ಚುವುದಕ್ಕಲ್ಲ, ತಪ್ಪಿಸುವುದಕ್ಕೆ. ಒಮ್ಮೆ ತೀರ್ಮಾನವಾಯಿತೆಂದರೆ ಆಮೇಲೆ ಒಂದು ನೋಟ, ಕತ್ತಿನ ಒಂದು ಕೊಂಕು ಸಾಕು. ಆದರೆ ಕೆಲವು ದಿನ ಹಿಂಡಿನಿಂದ ದೂರ ಉಳಿದ ಕೋಳಿ ತಿರುಗಿ ಬಂದರೆ ಅದು ಹೊಸದು. ಅದರ ಜಾಗ ಹೋಗಿರುತ್ತದೆ.

ಅಂದರೆ ಕಾಪಾಡುತ್ತೇನೆಂದು ನಾನು ಬುಟ್ಟಿಯಲ್ಲಿಟ್ಟದ್ದೇ ಅದಕ್ಕೆ ಮುಳುವಾಯಿತು. ಹಾಗಾದರೆ ದೊಡ್ಡದನ್ನೇಕೆ ಬುಟ್ಟಿಯಲ್ಲಿಡಲಿಲ್ಲ? ಉತ್ತರ ಹೇಳಲು ನಾಚಿಕೆಯಾಗುತ್ತದೆ. ಕಂದು ಹೇಂಟೆ ಸುಲಭವಾಗಿ ಕೈಗೆ ಸಿಕ್ಕಿತು. ದೊಡ್ಡದು ಹಿಡಿಯಹೋದರೆ ನನ್ನ ಕೈಗೇ ಕುಕ್ಕುತ್ತದೆ. ಮೇಲಾಗಿ ಹೆಚ್ಚು ಮೊಟ್ಟೆ ಇಡುವುದೂ ಅದೇ.

ಬುಟ್ಟಿಯ ಪಕ್ಕದಲ್ಲಿ ಕೂತಿದ್ದಾಗ ನನಗೆ ನನ್ನ ಓರಗಿತ್ತಿ ನೆನಪಾದಳು. ಮೂವತ್ತು ವರ್ಷಗಳ ಹಿಂದಿನ ಮಾತು. ತವರಿನಲ್ಲಿ ಅಷ್ಟೇನೂ ಅನುಕೂಲವಿಲ್ಲದ, ಕೆಲಸದಲ್ಲಿ ಸ್ವಲ್ಪ ನಿಧಾನದ ಹುಡುಗಿ. ಅವಳು ತೆಂಗಿನಕಾಯಿ ತುರಿದರೆ ದಪ್ಪವಾಯಿತು, ಮೀನು ತೊಳೆದರೆ ನೀರು ಹೆಚ್ಚಾಯಿತು. ಅತ್ತೆಯ ಬಾಯಿಗೆ ಬಿಡುವಿರಲಿಲ್ಲ. ನನಗೆ ಆ ಮಾತುಗಳು ತಾಗುತ್ತಿರಲಿಲ್ಲ. ನಾನು ಮೊದಲು ಬಂದವಳು, ಮನೆ ನಡೆಯುತ್ತಿದ್ದುದು ಇವರ ಸಂಬಳದಲ್ಲಿ. ಒಂದು ಸಂಜೆ ಅವಳು ಬಾವಿಕಟ್ಟೆಯ ಹತ್ತಿರ ಕೂತು ಅಳುತ್ತಿದ್ದಳು. ಅತ್ತೆಗೆ ನಾನೊಂದು ಮಾತು ಹೇಳಬಹುದಿತ್ತು. ನನ್ನ ಮಾತಿಗೆ ಆಗ ತೂಕವಿತ್ತು. ಹೇಳಿದ್ದು ಅವಳಿಗೆ: "ಹತ್ತು ದಿನ ತವರಿಗೆ ಹೋಗಿ ಬಾ, ಎಲ್ಲ ತಣ್ಣಗಾಗುತ್ತದೆ." ಹಾಗೆ ಹೇಳಿದ್ದಕ್ಕೆ ನಾನು ಒಳ್ಳೆಯವಳು ಅಂತಲೂ ಅನಿಸಿಕೊಂಡೆ. ಅವಳು ಬಂದಾಗ ಒಲೆಯ ಮುಂದೆ ಅವಳಿಗೆ ಜಾಗವಿರಲಿಲ್ಲ, ಪಾತ್ರೆ ತೊಳೆಯುವಲ್ಲಿ ಮಾತ್ರ ಇತ್ತು. ಅವಳಿಗೆ ಕೆಲಸ ಹೇಳುವಾಗ ನನ್ನ ಧ್ವನಿಯೂ ಅತ್ತೆಯದರಂತೆ ಕೇಳತೊಡಗಿತ್ತು. ಎರಡು ವರ್ಷದಲ್ಲಿ ಮೈದುನ ಸುರತ್ಕಲ್ಲಿನ ಕಡೆ ಬೇರೆ ಮನೆ ಮಾಡಿದರು.

ಮನುಷ್ಯರನ್ನು ಕೋಳಿಗೆ ಹೋಲಿಸಬಾರದು, ನಿಜ. ಕೋಳಿಗೆ ಹಗೆಯೂ ಇಲ್ಲ, ಮೂವತ್ತು ವರ್ಷ ಕಳೆದ ಮೇಲೆ ಕಾಡುವ ನೆನಪೂ ಇಲ್ಲ. ಹೋಲಿಸುತ್ತಿರುವುದು ನನ್ನನ್ನು ನನಗೇ: ಬುಟ್ಟಿ ಕವುಚಿದ ಕೈ ಎರಡು ಸಲವೂ ನನ್ನದೇ.

ಈ ಬಾರಿ ಗೋಣಿ ಹಾಕಿ ದೊಡ್ಡ ಹೇಂಟೆಯನ್ನು ಹಿಡಿದೆ. ಒಂದು ವಾರ ಅದು ಬುಟ್ಟಿಯಲ್ಲಿತ್ತು. ಹೊರಗೆ ಬಿಟ್ಟಾಗ ಉಳಿದವು ಅದನ್ನು ಅಟ್ಟಾಡಿಸಿ ಕುಕ್ಕಿದವು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಬಿಡಿಸಲು ಹೋಗಲಿಲ್ಲ. ಆಗಲಿ, ಅದಕ್ಕೂ ಗೊತ್ತಾಗಲಿ ಎಂಬ ಒಂದು ತೃಪ್ತಿ. ಆ ತೃಪ್ತಿ ನನಗೆ ಪರಿಚಯದ್ದೇ ಆಗಿತ್ತು. ಅತ್ತೆ ಕೊನೆಯ ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದರು. ಅವರಿಗೆ ನಾನು ಊಟ ತಪ್ಪಿಸಲಿಲ್ಲ, ಔಷಧ ತಪ್ಪಿಸಲಿಲ್ಲ. ಆದರೆ ಬೆಳಗಿನ ಚಹಾ ಮನೆಮಂದಿಗೆಲ್ಲ ಆದ ಮೇಲೆ ಅವರಿಗೆ ಹೋಗುತ್ತಿತ್ತು. ಕರೆದರೆ ಎರಡನೆಯ ಕರೆಗೆ ಹೋಗುತ್ತಿದ್ದೆ. ಯಾರಿಗೂ ಕಾಣದ ಗಾಯ. ಅದನ್ನು ನ್ಯಾಯವೆಂದೇ ಆಗ ತಿಳಿದುಕೊಂಡಿದ್ದೆ.

ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಸಲಹೆ ಕೊಟ್ಟರು: "ಕೊಕ್ಕಿನ ತುದಿ ಕತ್ತರಿಸಿಬಿಡು, ಫಾರ್ಮಿನವರು ಹಾಗೇ ಮಾಡುವುದು." ಹೌದು, ದೊಡ್ಡ ಫಾರ್ಮುಗಳಲ್ಲಿ ಮರಿಯಿದ್ದಾಗಲೇ ಕಾದ ಅಲಗಿನಿಂದ ಕೊಕ್ಕು ಮೊಂಡು ಮಾಡುತ್ತಾರೆ. ಕೊಕ್ಕೆಂದರೆ ಸತ್ತ ಉಗುರಲ್ಲ, ಅದರ ತುದಿಯಲ್ಲಿ ನರಗಳಿವೆ, ನೋವಾಗುತ್ತದೆ. ಕೋಳಿ ನೆಲ ಮುಟ್ಟಿ ನೋಡುವುದೂ ಅದರಿಂದಲೇ. ನನಗೆ ಮನಸ್ಸಾಗಲಿಲ್ಲ. "ಹಾಗಾದರೆ ಬಿಡು, ಅದು ಅದರ ಸ್ವಭಾವ" ಎಂದರು ಅಕ್ಕ.

ಸ್ವಭಾವ ಎಂಬ ಮಾತನ್ನು ಅತ್ತೆಯ ವಿಷಯದಲ್ಲೂ ಎಷ್ಟು ಸಲ ಆಡಿಲ್ಲ ನಾವು! ಆದರೆ ಇದೇ ಕೋಳಿಗಳು ಎರಡು ವರ್ಷ ರಕ್ತವಿಲ್ಲದೆ ಬಾಳಿದ್ದವು. ಸ್ವಭಾವ ಬದಲಾಗಿರಲಿಲ್ಲ, ಬದಲಾದದ್ದು ಹಿತ್ತಿಲು. ಮಗ ಕಾರು ಕೊಂಡ, ಹಿತ್ತಿಲಿನ ಅರ್ಧದಲ್ಲಿ ಶೆಡ್ಡು ಎದ್ದಿತು, ಕಾರಿನ ಮೇಲೆ ಹಿಕ್ಕೆ ಹಾಕುತ್ತವೆಂದು ಉಳಿದ ಜಾಗಕ್ಕೆ ಬಲೆ ಕಟ್ಟಿದೆವು. ಹಲಸಿನ ಮರದ ಬುಡ ಕೆದಕಿ ಗೆದ್ದಲು, ಎರೆಹುಳ ತಿನ್ನುತ್ತಿದ್ದ ಕೋಳಿಗಳು ಬಿಸಿಯೇರುವ ತಗಡಿನ ಬದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದರ ಮುಖ ಒಂದು ನೋಡುತ್ತ ನಿಲ್ಲಬೇಕಾಯಿತು. ಕಾಳಿಗೆ ಒಂದೇ ತಟ್ಟೆ, ಅದರಲ್ಲಿ ಬರೀ ನುಚ್ಚಕ್ಕಿ. ಸೆಕೆ, ಇಕ್ಕಟ್ಟು, ಕೆದಕಲು ನೆಲವಿಲ್ಲದ್ದು, ಮೈಗೆ ಸಾಲದ ಆಹಾರ: ಕುಕ್ಕಾಟಕ್ಕೆ ಪಶುವೈದ್ಯರು ಹೇಳುವ ಕಾರಣಗಳೆಲ್ಲ ನಾನೇ ಒದಗಿಸಿಕೊಟ್ಟವು. ನಮ್ಮ ಜಿಲ್ಲೆಯಲ್ಲಿ ಕೋಳಿ ಅಂಕವೆಂದರೆ ಗಂಡಸರ ಕಣ್ಣು ಹೊಳೆಯುತ್ತದೆ. 1960ರ ಕಾಯ್ದೆಯಂತೆ ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು ಅಪರಾಧ. ನಾನೂ ಅದನ್ನು ಬೈದವಳೇ. ಅಲ್ಲಿ ಹುಂಜದ ಕಾಲಿಗೆ ಕತ್ತಿ ಕಟ್ಟುವ ಕೈ ಎಲ್ಲರಿಗೂ ಕಾಣುತ್ತದೆ. ನಮ್ಮ ಹಿತ್ತಿಲಲ್ಲಿ ಅದು ನನಗೂ ಕಂಡಿರಲಿಲ್ಲ.

ಮನೆಯಲ್ಲಿ ಸ್ವಲ್ಪ ಮಾತಾಯಿತು. ಕೊನೆಗೆ ಮಧ್ಯಾಹ್ನದ ಮೇಲೆ ಕಾರಿಗೆ ಹೊದಿಕೆ ಹಾಕಿ ಕೋಳಿಗಳನ್ನು ಮರದ ಬುಡಕ್ಕೆ ಬಿಡುವುದೆಂದಾಯಿತು. ತಟ್ಟೆ ಮೂರಾಯಿತು, ಒಂದರಿಂದ ಒಂದು ದೂರ. ನುಚ್ಚಿಗೆ ಒಣಮೀನಿನ ತಲೆ ಕುಟ್ಟಿ ಬೆರೆಸಿದೆ. ಹರಿವೆ ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟಕುವಷ್ಟು ಎತ್ತರಕ್ಕೆ ತೂಗುಹಾಕಿದೆ, ಅವುಗಳ ಕೊಕ್ಕಿಗೂ ಒಂದು ಕೆಲಸ ಬೇಕಲ್ಲ. ಕಂದು ಹೇಂಟೆಯನ್ನು ರಾತ್ರಿ ಕತ್ತಲಾದ ಮೇಲೆ ಉಳಿದವುಗಳ ನಡುವೆ ಅಡ್ಡಗೋಲಿನ ಮೇಲೆ ಕೂರಿಸಿದೆ. ಕುಕ್ಕುವುದು ಪೂರ್ತಿ ನಿಂತಿದೆ ಎನ್ನಲಾರೆ. ರಕ್ತ ಬರುವುದು ನಿಂತಿದೆ. ಅದರ ಬೆನ್ನಿನಲ್ಲಿ ಮುಳ್ಳಿನಂತೆ ಹೊಸ ಗರಿ ಮೂಡಿದೆ.

ಮೊನ್ನೆ ಓರಗಿತ್ತಿಗೆ ಫೋನು ಮಾಡಿದಾಗ ಕೋಳಿಯ ಕಥೆಯನ್ನೆಲ್ಲ ಹೇಳಿದೆ. ಆಮೇಲೆ ತಡವರಿಸುತ್ತ, "ನಿನ್ನನ್ನು ಅವತ್ತು ತವರಿಗೆ ಕಳಿಸಿದ್ದು ನಾನೇ ಅಲ್ಲವಾ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೀವು ಹತ್ತು ದಿನ ಅಂದಿದ್ದಿರಿ ಅಕ್ಕ. ಕರೆಯಲು ಬಂದದ್ದು ಇಪ್ಪತ್ತಮೂರನೆಯ ದಿನ."

ನನಗೆ ಅದು ಗೊತ್ತೇ ಇರಲಿಲ್ಲ. ನಾನು ಹತ್ತೇ ದಿನವೆಂದುಕೊಂಡಿದ್ದೆ. ಏನು ಹೇಳಬೇಕೆಂದು ತೋಚದೆ ಫೋನು ಹಿಡಿದುಕೊಂಡೇ ಇದ್ದೆ. ಅವಳೇ ಕೇಳಿದಳು, ಕಂದು ಹೇಂಟೆ ಮೊಟ್ಟೆ ಇಡತೊಡಗಿತಾ ಎಂದು. ಇನ್ನೂ ಇಲ್ಲ ಎಂದೆ.