ಬೀಗ ಯಾರಿಗೆ?

ಕಳೆದ ತಿಂಗಳು ಅರಸೀಕೆರೆಯಿಂದ ತಿಪಟೂರಿಗೆ ಹೋಗುವಾಗ ಕಾರಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಜ್ಯಾಕ್ ಇತ್ತು. ಆದರೆ ಚಕ್ರ ಕದಿಯುತ್ತಾರೆಂಬ ಭಯಕ್ಕೆ ಪ್ರತಿ ಚಕ್ರಕ್ಕೂ ಒಂದೊಂದು ಬೀಗದ ನಟ್ಟು ಹಾಕಿಸಿದ್ದೆವು. ಅದರ ತಲೆಯ ಕೊರೆತಕ್ಕೆ ಸರಿಯಾಗಿ ಕೂರುವ ಪುಟ್ಟ ಬೀಗದಕೈ ಇಲ್ಲದೆ ಸ್ಪ್ಯಾನರ್ ಹಿಡಿಯದು. ಜೋಪಾನವಾಗಿರಲೆಂದು ಅದನ್ನು ಮನೆಯ ಬೀರುವಿನಲ್ಲಿಟ್ಟವಳು ನಾನೇ!

ಪಂಕ್ಚರ್ ಅಂಗಡಿಯ ಹುಡುಗ ಬಂದ. ನಟ್ಟಿಗಿಂತ ಒಂದೆಳೆ ಚಿಕ್ಕದಾದ ಹಳೇ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಅದರ ಮೇಲೆ ಕೂರಿಸಿದ. ಉದ್ದನೆಯ ರಾಡು ಸಿಕ್ಕಿಸಿ, ಮೈಭಾರ ಬಿಟ್ಟು ತಿರುಗಿಸಿದ. ಹತ್ತು ನಿಮಿಷ, ಅಷ್ಟೆ.

“ನಾನೇ ಈ ಕಾರು ಕದ್ದು ತಂದವಳಾಗಿದ್ದರೆ ಏನಪ್ಪಾ ಮಾಡ್ತಿದ್ದೆ?” ಎಂದೆ.

“ಎಲ್ರನ್ನೂ ಅನುಮಾನಿಸ್ತಾ ಕೂತ್ರೆ ಅಂಗಡಿ ನಡೆಯುತ್ತಾ ಅಮ್ಮಾ?” ಎಂದು ನಕ್ಕ.

ಆ ಮಾತು ದಾರಿಯುದ್ದಕ್ಕೂ ಚುಚ್ಚಿತು. ಹದಿನಾಲ್ಕು ವರ್ಷದಿಂದ ನಮ್ಮ ಮನೆಗೆಲಸಕ್ಕೆ ಬರುವಾಕೆ ಒಂದು ಚಮಚ ಮುಟ್ಟಿದವಳಲ್ಲ. ಆದರೂ ಬೀರುವಿನ ಬೀಗದಕೈ ನನ್ನ ಸೊಂಟ ಬಿಟ್ಟಿಲ್ಲ. ಬೀಗವೇ ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಕಳ್ಳನಿಗೆ ಅದು ಹತ್ತು ನಿಮಿಷ ತಡ ಮಾಡಿಸಿದರೂ ಲಾಭವೇ. ಆದರೆ ಆಕೆಯ ಎದುರೇ ‘ಟಕ್’ ಎಂದು ಬೀಗ ಹಾಕುವಾಗ ಆಕೆಗಾಗುವ ಅವಮಾನವನ್ನು ಯಾವ ಲೆಕ್ಕಕ್ಕೆ ಬರೆಯಲಿ?

ನಟ್ಟಿನ ಬೀಗದಕೈ ಈಗ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿದೆ. ಬೀರುವಿನದನ್ನು ಗೋಡೆಯ ಮೊಳೆಗೆ ತೂಗುಹಾಕಲು ಎರಡು ಸಲ ಹೋದೆ. ಎರಡು ಸಲವೂ ವಾಪಸು ಬಂದೆ.